ಎರಡಂಗುಲದ ಕಿಂಡಿ

“ಅದು ಆ ವಯಲಿನ್ ವಾದಕಿಯ ಹೆಬ್ಬೆರಳು. ಅದೂ ಕೈ ಮುರಿದುಕೊಂಡು, ಮತ್ತೆ ನುಡಿಸೋಕೆ ಶುರು ಮಾಡಿದ ಮೇಲಿನದು.”

ಬಾಗಿಲಲ್ಲಿ ನಿಂತಿದ್ದ ಅಪರಿಚಿತನೊಬ್ಬ ಇಷ್ಟು ಹೇಳಿದ್ದೇ ತಡ, ಪತ್ರಿಕಾ ಕಚೇರಿಯ ಚಿತ್ರಸಂಗ್ರಹದ ಕೋಣೆಯಲ್ಲಿ ಟೀ ಹೀರುವ ಸದ್ದು ಕೂಡ ನಿಂತುಹೋಯಿತು.

ಪುಟ್ಟಿ ತಿರುಗಿ ನೋಡಿದಳು. ಯಾರಿದು? ತೋಳು ಮಡಚಿದ ಬಿಳಿ ಅಂಗಿ, ಕಂಕುಳಲ್ಲಿ ಮರದ ಪೆಟ್ಟಿಗೆ, ಬೆರಳ ತುದಿಗಳಲ್ಲಿ ರಾಸಾಯನಿಕದ ಹಳದಿ ಕಲೆ. ಅವನು ಅಲ್ಲಿದ್ದ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೇಜಿನ ಮೇಲಿದ್ದ ಕಂದು ಲಕೋಟೆಯ ಮೇಲೇ ಅವನ ಕಣ್ಣು.

ಆ ಲಕೋಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ.

ದಿನಾ ಹನ್ನೊಂದು ಗಂಟೆಯ ಟೀ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಸಂಗ್ರಹದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ‘ದೊಡ್ಡಮೇಡಂ’, ಯಾರಾದರೂ ಪ್ರಸಿದ್ಧರ ಫೋಟೋವನ್ನು ಲಕೋಟೆಯೊಳಗೆ ಸೇರಿಸಿ ತರುತ್ತಿದ್ದರು. ಲಕೋಟೆಗೆ ಎರಡಂಗುಲದ ಒಂದು ಕಿಂಡಿ. ಅದರಲ್ಲಿ ಒಂದು ಕಿವಿಯೋ, ಮೊಣಕೈಯೋ, ಬೂಟಿನ ತುದಿಯೋ ಕಂಡರೆ ಕಂಡಿತು. ಇವರು ಯಾರು ಅಂತ ಹೇಳಬೇಕು. ಸೋತವರು ಎಲ್ಲರ ಟೀ ಲೋಟ ತೊಳೆಯಬೇಕು.

ಪುಟ್ಟಿ ಆರು ವರ್ಷದಿಂದ ಒಂದೇ ಒಂದು ಲೋಟ ತೊಳೆದವಳಲ್ಲ. ಅವಳ ಕೆಲಸವೇ ಅದಾಗಿತ್ತು ನೋಡಿ. ಪ್ರಸಿದ್ಧರಾದ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬರೆದು, ‘ಗುರುತು’ ಎಂಬ ತಲೆಬರಹದ ಕೆಳಗೆ ಮಚ್ಚೆ, ಗಾಯದ ಕಲೆ, ನಿಲ್ಲುವ ಭಂಗಿ ಎಲ್ಲ ನಮೂದಿಸಿಡುವುದು. ಹೆಸರಿಲ್ಲದ ಹಳೆಯ ಫೋಟೋ ಸಿಕ್ಕಾಗ ಆ ಕಾರ್ಡುಗಳೇ ದಾರಿ ತೋರಿಸಬೇಕು. ಹಾಗಾಗಿ ಆಟದಲ್ಲಿ ಅವಳ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಆವತ್ತು ಕಿಂಡಿಯಲ್ಲಿ ಕಂಡ ಹೆಬ್ಬೆರಳು ನೋಡಿ ಅವಳು ಚದುರಂಗದ ಚಾಂಪಿಯನ್ ಎಂದಿದ್ದಳು.

ದೊಡ್ಡಮೇಡಂ ಫೋಟೋ ಹೊರಗೆಳೆದರು. ವಯಲಿನ್ ವಾದಕಿಯೇ. ಹಿಂಬದಿಯ ತಾರೀಖು ನೋಡಿದರೆ, ಅಪಘಾತವಾಗಿ ಎರಡು ವರ್ಷದ ನಂತರದ್ದು.

“ಅದು ಹೇಗ್ರೀ ಗೊತ್ತಾಯ್ತು?” ಎಂದರು ಮೇಡಂ.

ಮೊದಲಿನ ಫೋಟೋಗಳಲ್ಲಿ ಆ ಹೆಬ್ಬೆರಳು ನೇರವಾಗಿರುತ್ತಿತ್ತು, ಆಮೇಲೆ ಕೊನೆಯ ಗೆಣ್ಣು ಹೊರಕ್ಕೆ ವಾಲಿತು ಎಂದು ಅವನು ಸಂಕೋಚದಿಂದ ಹೇಳಿದ. ದೊಡ್ಡ ವಿಷಯವೇನಲ್ಲ ಎಂಬಂತಿತ್ತು ಆ ಧಾಟಿ. ಪುಟ್ಟಿಯ ಮೈ ಮಾತ್ರ ಝುಮ್ಮೆಂದಿತು. ಆ ವಾದಕಿಯ ಕಾರ್ಡು ಬರೆದವಳು ತಾನೇ. ನೂರು ಸಲ ಆ ಕೈ ನೋಡಿದ್ದಾಳೆ. ಗೆಣ್ಣು ವಾಲಿದ್ದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಇವನ ಕಣ್ಣು ಎಂಥದಪ್ಪಾ...

ಅವನು ಹಳೆಯ ಫೋಟೋಗಳನ್ನು ಸರಿಪಡಿಸುವವನು. ಮೇಲಿನ ಮಹಡಿಯ ನೀರಿನ ಪೈಪು ಒಡೆದು ನಲವತ್ತು ಪೆಟ್ಟಿಗೆ ಫೋಟೋಗಳು ನೆನೆದುಹೋಗಿದ್ದವು. ಅವುಗಳನ್ನು ಉಳಿಸಿಕೊಡಲು ಅವನನ್ನು ಕರೆಸಿದ್ದರು. ಒಂದೇ ವಾರದಲ್ಲಿ ಅವನಿಗೆ ‘ಡಾಕ್ಟರ್’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಆವತ್ತು ಲೋಟ ತೊಳೆಯಲು ಹೋದ ಪುಟ್ಟಿಯ ಪಕ್ಕ ಅವನು ಬಂದು ನಿಂತು, ಕೇಳದೆಯೇ ಒಂದೊಂದಾಗಿ ಒರೆಸಿಡತೊಡಗಿದ.

“ಗೆದ್ದವರು ಲೋಟ ಮುಟ್ಟೋ ಹಾಗಿಲ್ಲ,” ಎಂದಳು ಪುಟ್ಟಿ, ಮುಖ ಗಂಟಿಕ್ಕಿಕೊಂಡು.

“ಒರೆಸಬಾರದು ಅಂತ ನಿಯಮ ಇಲ್ವಲ್ಲ,” ಎಂದ ಅವನು.

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಶುರುವಾಯಿತು.

ಆಮೇಲಿನ ಎರಡು ತಿಂಗಳು ಆ ಕೋಣೆಯಲ್ಲಿ ಆಟವೆಂದರೆ ಅವರಿಬ್ಬರದೇ. ಟೈಪಿಸ್ಟಿಗೂ ಪ್ರೂಫ್ ನೋಡುವ ಹಿರಿಯರಿಗೂ ಬರೀ ನೋಡುವ ಕೆಲಸ. ಭುಜದ ಇಳಿಜಾರು ನೋಡಿ ಅವನು ಓಟಗಾರ್ತಿಯನ್ನು ಹೇಳಿದ. ಕೋಟಿನ ಗುಂಡಿ ಹಾಕಿದ ರೀತಿ ನೋಡಿ ಒಬ್ಬ ಮಾಜಿ ಪ್ರಧಾನಿಯನ್ನು ಹೇಳಿದ. ಒಮ್ಮೆ ಕಿಂಡಿಯಲ್ಲಿ ಬರೀ ನೆರಳಿತ್ತು. ಹಿಮಶಿಖರ ಹತ್ತಿಬಂದ ಮಹಿಳೆಯದು, ಬಲ ಸೊಂಟಕ್ಕೆ ಭಾರ ಕೊಟ್ಟು ನಿಲ್ಲುವವರು ಅವರೊಬ್ಬರೇ ಎಂದುಬಿಟ್ಟ. ಪ್ರೂಫಿನ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಬೆಳಿಗ್ಗೆ ಪುಟ್ಟಿ ಒಳಗೆ ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಕೆಲಸದಲ್ಲಿ ಮುಳುಗಿರುತ್ತಿದ್ದ. ತಿರುಗದೆಯೇ “ಬನ್ನಿ” ಎನ್ನುತ್ತಿದ್ದ. ಬೇರೆ ಯಾರೇ ಬಂದರೂ ಅವರಾಗಿ ಮಾತಾಡಿಸುವ ತನಕ ಇವನ ಬಾಯಿಂದ ಮಾತಿಲ್ಲ. ಅವನಿಗೆ ಸ್ವಲ್ಪ ಜಂಭ ಅಂತ ಟೈಪಿಸ್ಟಿನ ದೂರು. ಪುಟ್ಟಿಗೆ ಮಾತ್ರ ಆ ಒಂದು “ಬನ್ನಿ” ಕೇಳಿದರೆ ದಿನವೆಲ್ಲ ಹಗುರ.

ಅದಕ್ಕೊಂದು ಕಾರಣವಿತ್ತು. ಪುಟ್ಟಿಗೊಬ್ಬಳು ಅಕ್ಕ. ಹನ್ನೊಂದು ನಿಮಿಷ ದೊಡ್ಡವಳು. ಇಬ್ಬರೂ ತದ್ರೂಪು. ಅದೇ ಹಣೆ, ಅದೇ ಮೂಗು, ಗಲ್ಲದ ಮಚ್ಚೆ ಕೂಡ ಅದೇ ಜಾಗದಲ್ಲಿ. ಹೆತ್ತಮ್ಮನೇ ಎಷ್ಟೋ ಸಲ ಒಬ್ಬಳ ಹೆಸರು ಹಿಡಿದು ಇನ್ನೊಬ್ಬಳನ್ನು ಬೈದಿದ್ದುಂಟು. ಮೂರು ವರ್ಷದ ಹಿಂದೆ ಪುಟ್ಟಿಗೆ ಒಂದು ಸಂಬಂಧ ಗೊತ್ತಾಗಿತ್ತು. ಹುಡುಗ ರೈಲು ನಿಲ್ದಾಣದಲ್ಲಿ ಅಕ್ಕನ ಕೈ ಹಿಡಿದುಕೊಂಡು ಹತ್ತು ನಿಮಿಷ ಮಾತಾಡಿದ. ತಪ್ಪು ಗೊತ್ತಾದ ಮೇಲೆ ನಗುತ್ತಾ, “ಏನೀಗ, ಇಬ್ಬರೂ ಒಂದೇ ತಾನೇ,” ಎಂದ. ಸಂಬಂಧ ಮುರಿದುಬಿತ್ತು. ಆ ಮಾತು ಮಾತ್ರ ಪುಟ್ಟಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಊರಿಗೆಲ್ಲ ಗುರುತಿನ ಕಾರ್ಡು ಬರೆಯುವ ತನ್ನನ್ನು, ಇವಳೇ ಇವಳು ಎಂದು ಗುರುತಿಸುವವರು ಒಬ್ಬರಾದರೂ ಬೇಡವೇ?

ಒಂದು ದಿನ ಪುಟ್ಟಿ ಕನ್ನಡಕ ಮರೆತುಬಂದಿದ್ದಳು. ಕೊಡಲು ಅಕ್ಕ ಕಚೇರಿಗೆ ಬಂದಳು. ಪುಟ್ಟಿ ಒಳಗಿನ ಕಪಾಟುಗಳ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಟೈಪಿಸ್ಟ್ ಅಕ್ಕನನ್ನು ಕಂಡು, ಇಷ್ಟು ಬೇಗ ಹೊರಗೆ ಹೋಗಿ ಬಂದೆಯಾ ಎಂದು ಕೇಳಿದಳು. ದೊಡ್ಡಮೇಡಂ ಒಂದು ಕಟ್ಟು ಕಾರ್ಡು ತಂದು ಅವಳ ಕೈಗಿಟ್ಟು, ಸಂಜೆಯೊಳಗೆ ಮುಗಿಸು ಎಂದರು.

ಅಕ್ಕ ಡಾಕ್ಟರ್ ಮೇಜಿನ ಕಡೆಗೆ ನಾಲ್ಕು ಹೆಜ್ಜೆ ನಡೆದಳು. ಅವನು ತಲೆಯೆತ್ತಲಿಲ್ಲ.

“ನೀವು ಯಾರು ಅಂತ ಗೊತ್ತಾಗಲಿಲ್ಲ. ಕಾರ್ಡು ಬರೆಯೋರು ಬೇಕಿತ್ತಾ? ಒಳಗಿದ್ದಾರೆ,” ಎಂದ.

ಕಪಾಟಿನ ಸಂದಿಯಲ್ಲಿ ಪುಟ್ಟಿ ಉಸಿರಾಡುವುದನ್ನೇ ಮರೆತಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಅಕ್ಕನನ್ನು ಅವಳೆಂದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಅವಳಿಗೇ ತಿಳಿಯಲಿಲ್ಲ. ಆ ಕ್ಷಣವೇ ಅವಳ ಮನಸ್ಸು ಅವನದಾಯಿತು ಎಂದು ನಾನು ಹೇಳಿದರೆ, ಅದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ.

ಮನೆಗೆ ಹೋದ ಮೇಲೆ ಅಕ್ಕ ಒಪ್ಪಲೇ ಇಲ್ಲ. ನೀನು ಒಳಗೆ ಹೋದದ್ದನ್ನು ನೋಡಿರುತ್ತಾನೆ, ಅದಕ್ಕೇ ಹೇಳಿದ, ಅಷ್ಟಕ್ಕೇ ಗಾಳಿಯಲ್ಲಿ ಗೋಪುರ ಕಟ್ಟಬೇಡ ಎಂದಳು. ತಂಗಿ ಇನ್ನೊಮ್ಮೆ ನೋಯಬಾರದೆಂಬ ಕಾಳಜಿ ಅವಳದು.

ಅಲ್ಲೇ ಪುಟ್ಟಿ ಎಡವಿದ್ದು. ಪರೀಕ್ಷೆ ಮಾಡೇಬಿಡೋಣ ಎಂದಳು. ಆಟ ಆಡಿ ಆಡಿ ಅಭ್ಯಾಸವಾಗಿತ್ತಲ್ಲ, ತನ್ನನ್ನೇ ಲಕೋಟೆಯೊಳಗೆ ಇಟ್ಟುಬಿಟ್ಟಳು!

ಭಾನುವಾರ ಬೆಳಿಗ್ಗೆ ಅವನು ಕೆರೆಯ ಪಕ್ಕದ ಉದ್ಯಾನದ ಮೂಲಕ ಗ್ರಂಥಾಲಯಕ್ಕೆ ಹೋಗುವುದು ಅವಳಿಗೆ ಗೊತ್ತಿತ್ತು. ಚಳಿಯಿತ್ತು. ಅಕ್ಕತಂಗಿಯರು ಅಮ್ಮ ಕೊಡಿಸಿದ್ದ ಒಂದೇ ಬಣ್ಣದ ಕೋಟು ತೊಟ್ಟು, ಕೂದಲನ್ನು ಟೋಪಿಯೊಳಗೆ ಸೇರಿಸಿ, ಕೈಗಳನ್ನು ಜೇಬಿನಲ್ಲಿಟ್ಟು ಬೆಂಚಿನ ಮೇಲೆ ಕೂತರು. ಮಾತಾಡುವಂತಿಲ್ಲ, ಅಲ್ಲಾಡುವಂತಿಲ್ಲ. ಅವನೇ ಬರಬೇಕು. ಇವಳೇ ಎನ್ನಬೇಕು.

ಅವನು ಬಂದ. ಮೂರು ಹೆಜ್ಜೆ ದೂರದಲ್ಲಿ ಪುಟ್ಟಿಯ ಮುಖವನ್ನು ನೇರವಾಗಿ ನೋಡಿದ. ಅಕ್ಕನ ಮುಖ ನೋಡಿದ. ದಾರಿಹೋಕರನ್ನು ನೋಡುವ ಹಾಗೆ ನೋಡಿ, ಹಾಗೇ ನಡೆದುಹೋದ. ಒಂದು ನಗು ಕೂಡ ಇಲ್ಲ.

ಇಬ್ಬರಲ್ಲಿ ಯಾರು ಅಂತ ಗೊಂದಲವಾಗಿದ್ದರೂ ಸಹಿಸಬಹುದಿತ್ತು... ಇಬ್ಬರೂ ಯಾರೋ ಎಂಬ ಹಾಗೆ ಹೋದನಲ್ಲ. ಕಚೇರಿಯ ಹೊರಗೆ ನನ್ನ ಪರಿಚಯವೇ ಬೇಡವಾಯಿತಾ?

ಅಕ್ಕ ತಂಗಿಯ ಹೆಗಲ ಮೇಲೆ ಕೈಯಿಟ್ಟಳು. “ಸೋತೆ ಕಣೇ,” ಎಂದು ಪುಟ್ಟಿ ನಗಲು ನೋಡಿದಳು. ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ಅವನು ಬೆನ್ನು ತಿರುಗಿಸಿಕೊಂಡೇ “ಬನ್ನಿ” ಎಂದ. ಅವಳು ಉತ್ತರಿಸಲಿಲ್ಲ. ಹನ್ನೊಂದು ಗಂಟೆಗೆ ತಲೆನೋವೆಂದು ಆಟಕ್ಕೂ ಬರಲಿಲ್ಲ. ಸಂಜೆ ಅವನು ಮೇಜಿನ ಹತ್ತಿರ ಬಂದು ನಿಂತ.

“ನಾನೇನಾದ್ರೂ ತಪ್ಪು ಮಾಡಿದ್ನಾ?”

“ನೀವೇನೂ ಮಾಡಿಲ್ಲ,” ಎಂದಳು ಪುಟ್ಟಿ.

ಅದು ನಿಜವೇ ಆಗಿತ್ತು. ಅವನೇನೂ ಮಾಡಿರಲಿಲ್ಲ. ಅದೇ ಅವಳ ನೋವು.

ಅದೇ ವಾರ ಇನ್ನೊಂದು ಊರಿನ ಶಾಖೆಯಲ್ಲಿ ಹೊಸ ಚಿತ್ರಸಂಗ್ರಹ ಶುರುಮಾಡಲು ಒಬ್ಬರು ಬೇಕೆಂದು ಪತ್ರ ಬಂತು. ಹೋದರೆ ಐದು ವರ್ಷ ಅಲ್ಲೇ. ಯಾರೂ ಮುಂದೆ ಬರಲಿಲ್ಲ. ಪುಟ್ಟಿ ತಾನು ಹೋಗುತ್ತೇನೆಂದಳು. ದೊಡ್ಡಮೇಡಂ ಪತ್ರವನ್ನು ಅವಳ ಮೇಜಿನ ಮೇಲಿಟ್ಟು, ಶುಕ್ರವಾರ ಸಂಜೆ ಐದರೊಳಗೆ ಸಹಿ ಹಾಕಿ ಕೊಟ್ಟರೆ ಸಾಕು, ಅಲ್ಲಿಯವರೆಗೆ ಯೋಚಿಸು ಎಂದರು.

ಶುಕ್ರವಾರವೂ ಬಂತು. ಟೀ ಹೊತ್ತಿಗೆ ಮೇಡಂ ಪುಟ್ಟಿಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಬೀಳ್ಕೊಡುಗೆಯ ದಿನ ಯಾರೂ ಸೋಲಬಾರದು, ಇವತ್ತು ಲೋಟ ನಾನೇ ತೊಳೆಯುತ್ತೇನೆ ಎಂದರು. ಅದಕ್ಕಾಗಿ ಲಕೋಟೆಗಳ ಕಿಂಡಿಯನ್ನು ದೊಡ್ಡದಾಗಿ ಕತ್ತರಿಸಿ, ಪೂರ್ತಿ ಮುಖವೇ ಕಾಣುವ ಹಾಗೆ ಮಾಡಿದ್ದರು. ಒಬ್ಬೊಬ್ಬರಿಗೂ ಒಂದೊಂದು. ಎಳೆಯ ಮಕ್ಕಳೂ ಹೇಳಬಹುದಾದ ಮುಖಗಳು.

ಟೈಪಿಸ್ಟ್ ತನ್ನದನ್ನು ಹೇಳಿದಳು. ಪ್ರೂಫಿನ ಹಿರಿಯರು ಹೇಳಿದರು. ಡಾಕ್ಟರ್ ಸರದಿ.

ಅವನ ಕೈಯಲ್ಲಿದ್ದದ್ದು ವಯಲಿನ್ ವಾದಕಿಯ ಮುಖ. ಮೊದಲ ದಿನ ಯಾರ ಹೆಬ್ಬೆರಳಿನಿಂದ ಎಲ್ಲರ ಬಾಯಿ ಮುಚ್ಚಿಸಿದ್ದನೋ, ಅವರದೇ. ಮೇಡಂ ಬೇಕೆಂದೇ ಅದನ್ನು ಅವನಿಗೆ ಆರಿಸಿದ್ದರು.

ಅವನು ನೋಡಿದ. ಲಕೋಟೆ ಹತ್ತಿರ ತಂದ, ದೂರ ಹಿಡಿದ. ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು.

“ಗೊತ್ತಾಗ್ತಿಲ್ಲ,” ಎಂದ.

ಎಲ್ಲರೂ ನಕ್ಕರು. ಇವನ ತಮಾಷೆಯೇ ತಮಾಷೆ ಎಂದಳು ಟೈಪಿಸ್ಟ್.

“ಕೆಲವರು ಹಾಗೇ. ಬೇಕಾದಾಗ ಗುರುತು, ಬೇಡವಾದಾಗ ಅಪರಿಚಿತರು,” ಎಂದಳು ಪುಟ್ಟಿ. ಐದು ದಿನದಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂದಿತ್ತು.

ನಗು ನಿಂತಿತು. ಅವನ ಮುಖ ಬಿಳುಪೇರಿತು. ಅವನು ಲಕೋಟೆಯೊಳಗೆ ಬೆರಳು ತೂರಿಸಿ ಫೋಟೋವನ್ನು ಮೆಲ್ಲಗೆ ಮೇಲಕ್ಕೆ ಸರಿಸಿದ. ಮುಖ ಜರುಗಿ ಕಂದು ಕಾಗದದ ಹಿಂದೆ ಮರೆಯಾಯಿತು. ಕಿಂಡಿಗೆ ಮಡಿಲ ಮೇಲಿಟ್ಟ ಕೈ ಬಂತು. ಹೊರಕ್ಕೆ ವಾಲಿದ ಹೆಬ್ಬೆರಳು.

“ವಯಲಿನ್ ವಾದಕಿ,” ಎಂದು, ಲಕೋಟೆ ಮೇಜಿನ ಮೇಲಿಟ್ಟು, ಎದ್ದು ಹೊರಗೆ ಹೋದ.

ಉಳಿದವರಿಗೆ ಏನೂ ಅರ್ಥವಾಗಲಿಲ್ಲ. ಪುಟ್ಟಿ ಮಾತ್ರ ಕೂತಲ್ಲೇ ಕಲ್ಲಾದಳು. ಮುಖ ಮುಚ್ಚಿದ ಮೇಲೆ ಅವನಿಗೆ ಗುರುತು ಸಿಕ್ಕಿತು. ಮುಖ ಕಾಣುತ್ತಿದ್ದಾಗ ಸಿಗಲಿಲ್ಲ...

ಒಂದೊಂದೇ ನೆನಪಾಯಿತು. ಬೇರೆಯವರು ಮಾತಾಡಿಸುವ ತನಕ ಅವನ ಬಾಯಿಂದ ಮಾತು ಹೊರಡದಿದ್ದದ್ದು. ದಿನಾ ಟೀ ಹೊತ್ತಿಗೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಯಾರು ಎಲ್ಲಿ ಕೂತಿದ್ದಾರೆಂದು ನೋಡಿಕೊಂಡೇ ಒಳಗೆ ಬರುತ್ತಿದ್ದದ್ದು. ಟೈಪಿಸ್ಟ್ ಕೂದಲು ಕತ್ತರಿಸಿಕೊಂಡು ಬಂದ ದಿನ ಅವಳ ಎದುರೇ, ಟೈಪಿಸ್ಟ್ ಬಂದಿಲ್ಲವಾ ಎಂದು ಕೇಳಿದ್ದು. ಆವತ್ತು ಎಲ್ಲರೂ ತಮಾಷೆ ಎಂದುಕೊಂಡಿದ್ದರು.

ಭಾನುವಾರ ತಾನು ಮಾಡಿದ್ದೇನು? ಕೈ ಬಚ್ಚಿಟ್ಟಳು. ನಡಿಗೆ ಬಚ್ಚಿಟ್ಟಳು. ಮಾತು ಬಚ್ಚಿಟ್ಟಳು. ಅವನಿಗೆ ಗೊತ್ತಿದ್ದದ್ದನ್ನೆಲ್ಲ ಮುಚ್ಚಿಟ್ಟು, ಅವನಿಗೆ ಗೊತ್ತಾಗದ ಒಂದನ್ನೇ ಕಿಂಡಿಯಲ್ಲಿಟ್ಟು ತೋರಿಸಿದಳು.

ಅವಳು ಎದ್ದು ಓಡಿದಳು.

ಅವನು ಫೋಟೋ ಒಣಗಿಸುವ ಕೋಣೆಯಲ್ಲಿದ್ದ. ಹಗ್ಗಗಳ ತುಂಬಾ ಕ್ಲಿಪ್ಪಿಗೆ ಸಿಕ್ಕಿಸಿದ ಮುಖಗಳು. ಅವುಗಳ ನಡುವೆ ತಲೆತಗ್ಗಿಸಿ ನಿಂತಿದ್ದವನು, ಅವಳು ಬಾಗಿಲು ದಾಟಿದ್ದೇ “ಬನ್ನಿ” ಎಂದ.

“ಮುಖಗಳು ನಿಮಗೆ...” ಎಂದಳು ಪುಟ್ಟಿ.

“ಕಾಣುತ್ತವೆ. ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತೆ. ಆದ್ರೆ ಮನಸ್ಸಲ್ಲಿ ನಿಲ್ಲಲ್ಲ. ಆ ಕಡೆ ತಿರುಗಿದ್ರೆ ಮುಗೀತು, ಅಳಿಸಿಹೋಗುತ್ತೆ. ಹುಟ್ಟಿನಿಂದ ಹೀಗೇ.”

ಅಮ್ಮನನ್ನು ಕೆಮ್ಮಿನಿಂದ ಗುರುತಿಸುತ್ತಾನಂತೆ. ಶಾಲೆಯಲ್ಲಿ ಸೊಕ್ಕಿನವನು ಎಂದು ಗೆಳೆಯರು ದೂರವಾದರಂತೆ. ಹೇಳಿಕೊಂಡಾಗ ಕೆಲವರು ಕನಿಕರಪಟ್ಟರು, ಕೆಲವರು ನಂಬಲಿಲ್ಲ, ಒಂದು ಕೆಲಸವೂ ಹೋಯಿತು. ಆಮೇಲೆ ಹೇಳುವುದನ್ನೇ ಬಿಟ್ಟ. ಬೇರೆಯವರ ಕೈಕಾಲು, ನಡಿಗೆ, ನೆರಳು ಕಲಿಯುತ್ತಾ ಬಂದ. ಫೋಟೋ ಸರಿಪಡಿಸುವಾಗಲೂ ಮುಖವೆಂದರೆ ಅವನಿಗೆ ಬೆಳಕು, ನೆರಳು, ಗೆರೆ, ಅಷ್ಟೇ.

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಎಲ್ಲರ ಕಣ್ಣಿಗೂ ಸುಲಭವಾಗಿ ಸಿಗುವುದು ಇವನಿಗೆ ಇಲ್ಲ. ಆ ಕೊರತೆಯ ಜಾಗದಲ್ಲಿ ಇವನು ಕಟ್ಟಿಕೊಂಡದ್ದು ಎಷ್ಟು ದೊಡ್ಡದು... ನಾವೆಲ್ಲ ಮುಖ ನೋಡಿ ಸುಮ್ಮನಾಗುತ್ತೇವೆ. ಇವನು ಇಡೀ ಮನುಷ್ಯರನ್ನು ನೋಡುತ್ತಾನೆ.

“ಭಾನುವಾರ ಉದ್ಯಾನದ ಬೆಂಚಲ್ಲಿ ಇಬ್ಬರು ಕೂತಿದ್ರು. ನೆನಪಿದೆಯಾ?”

ಅವನು ಸ್ವಲ್ಪ ಯೋಚಿಸಿದ. “ಕಪ್ಪು ಕೋಟು. ಒಬ್ಬರು ಕಾಲು ಕುಣಿಸ್ತಾ ಇದ್ರು. ಇನ್ನೊಬ್ಬರು ಬೊಂಬೆ ಥರ ಕೂತಿದ್ರು. ಅಷ್ಟು ಅಲ್ಲಾಡದೇ ಕೂರೋವ್ರು ನನಗೆ ಗೊತ್ತಿರೋರಲ್ಲಿ ಯಾರೂ ಇಲ್ಲ.”

“ಅದು ನಾನು.”

ಅವನು ಬೆಚ್ಚಿ ತಲೆಯೆತ್ತಿದ. ಪುಟ್ಟಿ ಎಲ್ಲವನ್ನೂ ಹೇಳಿದಳು. ಅಕ್ಕ, ರೈಲು ನಿಲ್ದಾಣ, ಮುಳ್ಳಿನಂಥ ಆ ಮಾತು, ಪರೀಕ್ಷೆ, ಸೋಲು. ಹೇಳುತ್ತಾ ಹೇಳುತ್ತಾ ಅತ್ತಳು, ತನ್ನ ದಡ್ಡತನಕ್ಕೆ ನಡುವೆ ನಕ್ಕಳು ಕೂಡ.

ಅವನು ತನ್ನ ಮರದ ಪೆಟ್ಟಿಗೆ ತೆರೆದು, ಕುಂಚಗಳ ಕೆಳಗಿನಿಂದ ಒಂದು ಕಾರ್ಡು ತೆಗೆದುಕೊಟ್ಟ. ಸಂಗ್ರಹದ ಕಾರ್ಡೇ. ಅವಳು ದಿನವೂ ಬರೆಯುವಂಥದ್ದೇ. ಆದರೆ ಅಕ್ಷರ ಅವನದು.

ಹೆಜ್ಜೆ: ಎಡಗಾಲು ತುಸು ಜೋರು. ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಕೈ: ಯೋಚಿಸುವಾಗ ಹೆಬ್ಬೆರಳು ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತದೆ. ಶುರು ಕಿರುಬೆರಳಿಂದ.

ನಗು: ಮೊದಲು ಮೂಗಿನಲ್ಲಿ. ತಡೆಯಲು ನೋಡಿ ಸೋಲುತ್ತಾರೆ.

ಟೀ: ಕೊನೆಯ ಗುಟುಕು ಬಿಡುತ್ತಾರೆ.

ಧ್ವನಿ: ನೋವಾದಾಗ ಮೆತ್ತಗಾಗುತ್ತದೆ. (ಸೋಮವಾರ. ಕಾರಣ ತಿಳಿಯಲಿಲ್ಲ.)

ಹೀಗೇ ಎರಡೂ ಬದಿ ತುಂಬಿತ್ತು. ತಾರೀಖು ನೋಡಿದರೆ, ಮೊದಲ ಸಾಲು ಅವನು ಬಂದ ದಿನದ್ದು. ತನ್ನ ಬಗ್ಗೆ ತನಗೇ ಗೊತ್ತಿರಲಿಲ್ಲ ಇದೆಲ್ಲ. ಯಾವ ಪ್ರಸಿದ್ಧರ ಕಾರ್ಡನ್ನೂ ಅವಳು ಇಷ್ಟು ಪ್ರೀತಿಯಿಂದ ಬರೆದಿರಲಿಲ್ಲ. ಕಟ್ಟಕಡೆಗೆ ‘ಮುಖ’ ಎಂದಿತ್ತು. ಅದರ ಮುಂದೆ ಖಾಲಿ.

“ಅದೊಂದು ಬರೆಯೋಕೆ ಆಗಲಿಲ್ಲ,” ಎಂದ ಅವನು. “ಬಹಳ ಸಲ ಪ್ರಯತ್ನಪಟ್ಟೆ. ನಿಮ್ಮ ಮುಖ ನೆನಪಿಟ್ಟುಕೊಳ್ಳಲಾಗದವನು, ನಿಮ್ಮನ್ನು ಇಷ್ಟಪಡ್ತೀನಿ ಅಂತ ಯಾವ ಬಾಯಲ್ಲಿ ಹೇಳಲಿ?”

ಪುಟ್ಟಿ ಕಾರ್ಡನ್ನು ಎದೆಗೊತ್ತಿಕೊಂಡಳು.

“ಆ ಮುಖ ನನ್ನ ಅಕ್ಕನ ಹತ್ರಾನೂ ಇದೆ ರೀ,” ಎಂದಳು. “ಉಳಿದದ್ದೆಲ್ಲ ನನ್ನದು ಮಾತ್ರ. ಅದನ್ನು ಬರೆದುಕೊಂಡವರು ನೀವೊಬ್ಬರೇ.”

ಐದು ಗಂಟೆಗೆ ದೊಡ್ಡಮೇಡಂ ಬಂದು ನೋಡಿದಾಗ ಶಾಖೆಯ ಪತ್ರ ಸಹಿಯಿಲ್ಲದೆ ಮೇಜಿನ ಮೇಲೇ ಇತ್ತು. ಬೆಳಗಿನ ಟೀ ಲೋಟಗಳನ್ನು ಇಬ್ಬರು ಸೇರಿ ತೊಳೆಯುತ್ತಿದ್ದರು. ಮೇಡಂ ಪತ್ರ ಮಡಚಿ ಜೇಬಿಗೆ ಹಾಕಿಕೊಂಡು, ಬಂದ ಹಾಗೇ ಸದ್ದಿಲ್ಲದೆ ಹೋದರು.

ಭಾನುವಾರ ಅದೇ ಬೆಂಚು, ಅವೇ ಕೋಟುಗಳು. ಅಕ್ಕನ ಹಟ. ಕಣ್ಣಾರೆ ಕಾಣದೆ ನಂಬುವುದಿಲ್ಲವಂತೆ. ಪುಟ್ಟಿ ಮಾತ್ರ ಆಟವಾಡಲು ಒಪ್ಪಲಿಲ್ಲ. ಕಂಡ ಕೂಡಲೇ ಕರೆಯುತ್ತೇನೆಂದು ಅವನಿಗೂ ಮೊದಲೇ ಹೇಳಿದ್ದಳು. ಕರೆಯುವ ಮಾತನ್ನು ಯೋಚಿಸುತ್ತಾ ಅವಳ ಕೈ ಜೇಬಿನಿಂದ ಹೊರಬಂದು ಮಂಡಿಯ ಮೇಲೆ ಕೂತಿತ್ತು. ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು, ಆಮೇಲೆ ಪಕ್ಕದ್ದನ್ನು...

ಇಪ್ಪತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದವನು ನಿಂತ. ನೇರವಾಗಿ ಅವಳ ಮುಂದೆ ಬಂದ.

“ಕರೀತೀನಿ ಅಂದಿದ್ರಿ,” ಎಂದ.

“ಕರೆದಾಯ್ತಲ್ಲ,” ಎಂದಳು ಪುಟ್ಟಿ.

ಅಕ್ಕ ಕಣ್ಣು ಪಿಳಿಪಿಳಿ ಬಿಡುತ್ತಾ ಇಬ್ಬರನ್ನೂ ನೋಡಿದಳು. ಟೋಪಿ ಕಿತ್ತು, ತಂಗಿಯ ಕೆನ್ನೆಗೆ ಕೆನ್ನೆ ತಾಗಿಸಿ ಕೂತಳು. “ಅಲ್ಲಪ್ಪಾ, ನಮ್ಮಿಬ್ಬರನ್ನ ತದ್ರೂಪು ಅಂತ ಊರೆಲ್ಲ ಹೇಳುತ್ತೆ.”

ಅವನು ಎರಡೂ ಮುಖಗಳನ್ನು ನಿಧಾನವಾಗಿ, ಪ್ರಾಮಾಣಿಕವಾಗಿ ನೋಡಿದ. ಆಮೇಲೆ ಪುಟ್ಟಿಯ ಕೈ ಹಿಡಿದುಕೊಂಡ.

“ಹೌದಾ?” ಎಂದ. “ನನಗೆ ಯಾವತ್ತೂ ಹಾಗನ್ನಿಸಿಲ್ಲ.”